ಹಾಡಿನ ಕೆಳಗಿನ ಹುಲಿ

ಕರೆಂಟು ಹೋದದ್ದಕ್ಕೂ ತಾವೇ ಕ್ಷಮೆ ಕೇಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಶಿವಾಜಿನಗರದ ನನ್ನ ಅಂಗಡಿಯ ಮೆಟ್ಟಿಲು ಹತ್ತಿ, ಉಸಿರು ಸುಧಾರಿಸಿಕೊಂಡು ಅವರು ಸ್ಟೂಲಿನ ಮೇಲೆ ಕೂತರು. ಅಷ್ಟರಲ್ಲಿ ಫ್ಯಾನು ನಿಂತಿತು. "ಸಾರಿ ಸಾರ್, ತಪ್ಪು ನಂದೇ, ನಾನು ಬಂದ ಗಳಿಗೆ ಸರಿ ಇಲ್ಲ" ಅಂದರು. ಕರೆಂಟಿನವರ ಪರವಾಗಿ ಯಾರಾದರೂ ಕ್ಷಮೆ ಕೇಳಿದ್ದನ್ನು ನಾನು ಹುಟ್ಟಿದ ಮೇಲೆ ಅವತ್ತೇ ಕೇಳಿದ್ದು. ನಗು ಬಂತು, ನಕ್ಕೆ. ಅವರು ನಗಲಿಲ್ಲ.

ಆಮೇಲೆ ನೋಡುತ್ತಾ ಬಂದೆ. ಹಲಸೂರಿನಿಂದ ಬರುವ ಬಸ್ಸು ತಡವಾದರೆ ತಪ್ಪು ಅವರದು. ನನ್ನ ಚಹಾ ಆರಿದರೆ ಅವರದು. ಕೆಳಗಿನ ಗಡಿಯಾರ ರಿಪೇರಿ ಭಾಯಿಗೆ ನೆಗಡಿಯಾದಾಗಲೂ, ಹೋದ ವಾರ ತಾವು ಅವರ ಮುಂದೆ ಸೀನಿದ್ದು ನೆನಪಾಗಿ ಪೇಚಾಡಿಕೊಂಡರು. ಜೋಗುಪಾಳ್ಯದಲ್ಲಿ ಅವರನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ನಾನೇನೂ ಅವರಿಗಿಂತ ಬಹಳ ಚಿಕ್ಕವನಲ್ಲ, ಆದರೂ ನನಗೂ ಅಕ್ಕನೇ ಆದರು. ಹೋದ ತಿಂಗಳು ಒಂದು ಬೆಳಗ್ಗೆ ಏಳಲೇ ಇಲ್ಲವಂತೆ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಅಕ್ಕ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಕಾಯುತ್ತಾ ಕೂರುತ್ತಿದ್ದ ಕಾಲದಲ್ಲಿ ಕಂಟೋನ್ಮೆಂಟಿನ ಕಷ್ಟಸುಖವೆಲ್ಲ ಅವರ ಕಿವಿ ದಾಟಿಯೇ ಹೋಗಬೇಕಿತ್ತು. ಕನ್ನಡ, ತಮಿಳು, ದಖನಿ, ಇಂಗ್ಲಿಷು ನಾಲ್ಕೂ ನೀರು ಕುಡಿದಷ್ಟು ಸಲೀಸು. ಕೆಳಗೆ ಭಾಯಿಯನ್ನು ದಖನಿಯಲ್ಲಿ ರೇಗಿಸಿ, ಮೇಲೆ ಬಂದು ಅಂಗಡಿಯ ಧೂಳಿಗೆ ನನ್ನನ್ನು ಕನ್ನಡದಲ್ಲಿ ಬೈದು, ನಡುವೆ ಫೋನ್ ಬಂದರೆ ಯಾರಿಗೋ ತಮಿಳಿನಲ್ಲಿ ಸಮಾಧಾನ ಹೇಳುತ್ತಿದ್ದರು. ನೀರು ತರಲು ಎದ್ದರೂ "ಲೈನಲ್ಲೇ ಇರಿ" ಅಂತ ಹೇಳಿಯೇ ಏಳುವುದು. ನನ್ನ ಮಾತು ಉದ್ದವಾದರೆ, ಮೂರು ನಿಮಿಷ ಆಯ್ತು, ಎಕ್ಸ್‌ಟೆಂಡ್ ಮಾಡ್ಲಾ ಅನ್ನುವುದು. ಆ ಕಾಲದ ಗುಟ್ಟು ಒಂದೆರಡಾದರೂ ಹೇಳಿ ಎಂದು ಎಷ್ಟು ಪೀಡಿಸಿದರೂ ಬಾಯಿ ಬಿಟ್ಟವರಲ್ಲ. ಕೇಳಿಸಿದ್ದನ್ನು ಕೇಳಿಸಿತು ಅಂತ ತೋರಿಸಿಕೊಳ್ಳದೆ ಇರುವುದಕ್ಕೇ ನಮಗೆ ಸಂಬಳ ಕೊಡುತ್ತಿದ್ದದ್ದು ಎಂದು ಮಾತು ಮುಗಿಸುತ್ತಿದ್ದರು.

ನನ್ನ ಕೆಲಸ ಏನೆಂದರೆ ಹಳೆಯ ಕ್ಯಾಸೆಟ್ಟುಗಳಲ್ಲಿ ಇರುವುದನ್ನು ತೆಗೆದು ಪೆನ್‌ಡ್ರೈವಿಗೆ ಹಾಕಿಕೊಡುವುದು. ಮದುವೆಯ ವಾಲಗ, ತೀರಿಕೊಂಡ ಅಜ್ಜಿಯ ದೇವರನಾಮ, ಗಲ್ಫಿಗೆ ಹೋದ ಗಂಡ ಕಾಗದ ಬರೆಯಲು ಬಾರದೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದ್ದು, ಇಂಥವು. ಅಕ್ಕ ತಂದದ್ದೂ ಅಂಥದ್ದೇ ಇರಬೇಕು ಅಂದುಕೊಂಡೆ. ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದೇ ಒಂದು ಕ್ಯಾಸೆಟ್ಟು. ರೀಲಿನ ಮೇಲೆ ಬೂಷ್ಟು ಹಿಡಿದಿತ್ತು. ಮೇಲಿನ ಅಂಚಿನ ಪ್ಲಾಸ್ಟಿಕ್ ಹಲ್ಲು ಮುರಿದ ಜಾಗದಲ್ಲಿ ಮಡಿಚಿ ತುರುಕಿದ ಬಸ್ ಟಿಕೆಟ್ಟು ಇನ್ನೂ ಹಾಗೇ ಇತ್ತು.

"ಇದ್ರಲ್ಲಿ ಸಿನಿಮಾ ಹಾಡಿದೆ. ಹಾಡು ಬೇಡ. ಹಾಡಿನ ಕೆಳಗಡೆ ನನ್ ತಮ್ಮನ ಪ್ರೋಗ್ರಾಂ ಇದೆ, ಅದನ್ನ ತೆಗ್ದುಕೊಡ್ಬೇಕು" ಅಂದರು.

ಕಥೆ ಹೀಗೆ. ಅಪ್ಪ ಬೇಗ ಹೋದರು. ತಮ್ಮನನ್ನು ಓದಿಸಿದವರು ಅಕ್ಕನೇ. ಹುಡುಗ ಬಲು ಚುರುಕು. ಜೊತೆಯ ಆಪರೇಟರ್ ಒಬ್ಬರ ಕಡೆಯವರು ಸಿಂಗಾಪುರದಿಂದ ಬರುವಾಗ ಒಂದು ಪುಟ್ಟ ಕಂಪ್ಯೂಟರ್ ತಂದಿದ್ದರು. ಮನೆಯ ಟಿವಿಗೆ ಸಿಕ್ಕಿಸಿದರೆ ಸಾಕು, ನಡೆಯುತ್ತಿತ್ತು. ಅಕ್ಕ ಅದನ್ನು ತಮ್ಮನಿಗೆ ಕೊಡಿಸಿದರು. ಅದರೊಳಗೆ ಏನನ್ನೂ ಉಳಿಸಿಡಲು ಆಗುತ್ತಿರಲಿಲ್ಲ, ಕರೆಂಟು ಹೋದರೆ ಎಲ್ಲ ಅಳಿಸಿಹೋಗುತ್ತಿತ್ತು. ಹಾಗಾಗಿ ಬರೆದ ಪ್ರೋಗ್ರಾಮನ್ನು ಸದ್ದಾಗಿ ಮಾಡಿ ಟೇಪ್ ರೆಕಾರ್ಡರಿಗೆ ತುಂಬಬೇಕು. ಮತ್ತೆ ಬೇಕಾದಾಗ ಅದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಕೇಳಿಸಬೇಕು. ನಮ್ಮ ಕಿವಿಗೆ ಮಾತ್ರ ಅದು ತಗಡು ಕೆರೆದಂಥ ಕರ್ಕಶ ಸದ್ದು, ಅಷ್ಟೇ.

ತಮ್ಮ ಅದರಲ್ಲಿ ಹುಲಿ-ಕುರಿ ಆಟ ಬರೆದ. ಕಲ್ಲುಚಪ್ಪಡಿಯ ಮೇಲೆ ಗೆರೆ ಎಳೆದು, ಹುಣಸೆಬೀಜ ಇಟ್ಟು ಆಡುತ್ತೇವಲ್ಲ, ಅದೇ. ಕುರಿ ನಾವು ನಡೆಸಬೇಕು, ಹುಲಿಯನ್ನು ಕಂಪ್ಯೂಟರೇ ನಡೆಸುತ್ತದೆ. ಅವನ ಸ್ನೇಹಿತರ ಮೂಲಕ ಸುದ್ದಿ ಹೋಗಿ, ಕಂಟೋನ್ಮೆಂಟಿನಲ್ಲಿ ಆಗತಾನೇ ಶುರುವಾಗಿದ್ದ ಒಂದು ಕಂಪ್ಯೂಟರ್ ಕಂಪನಿಯವರು, ತಂದು ತೋರಿಸು, ಚೆನ್ನಾಗಿದ್ದರೆ ಕೆಲಸ ಎಂದು ಹೇಳಿಕಳಿಸಿದರು. ತೋರಿಸಲು ಹೋಗಬೇಕಿದ್ದ ಹಿಂದಿನ ದಿನ ಅಕ್ಕನಿಗೆ ವಾರದ ರಜೆ. ರೇಡಿಯೋದಲ್ಲಿ ಇಷ್ಟದ ಹಾಡುಗಳು ಬರುವುದಿತ್ತು, ತುಂಬಿಕೊಳ್ಳಲು ಕ್ಯಾಸೆಟ್ಟು ಬೇಕಿತ್ತು. ಮೇಜಿನ ಮೇಲಿದ್ದ ಒಂದನ್ನು ಹಾಕಿ ಕೇಳಿದರು. ಕಿರ್ರೋ ಅಂತು. ಸ್ವಲ್ಪ ಮುಂದೆ ಓಡಿಸಿದರು, ಅಲ್ಲೂ ಅದೇ. ಪಾಪ, ಟೇಪು ಹಾಳಾಗಿದೆ ಅಂದುಕೊಂಡರು. ಅಳಿಸಬಾರದು ಎಂದು ತಮ್ಮ ಅದರ ಹಲ್ಲು ಮುರಿದಿಟ್ಟಿದ್ದ, ರೆಕಾರ್ಡ್ ಗುಂಡಿ ಒತ್ತಲು ಬರಲಿಲ್ಲ. ಆ ಜಾಗಕ್ಕೆ ಏನಾದರೂ ತುರುಕಿದರೆ ಗುಂಡಿ ಕೂರುತ್ತದೆ ಎಂಬುದು ಆಗ ಎಲ್ಲ ಮನೆಯ ಹೆಂಗಸರಿಗೂ ಗೊತ್ತಿದ್ದ ವಿದ್ಯೆ. ಪರ್ಸಿನಲ್ಲಿ ಬಸ್ ಟಿಕೆಟ್ ಇತ್ತು.

ಸಂಜೆ ತಮ್ಮ ಬಂದ. ಕ್ಯಾಸೆಟ್ ಹಾಕಿದ, ಹಾಡು ಬಂತು. ಒಂದು ಮಾತು ಬೈಯಲಿಲ್ಲವಂತೆ. ಬೈದಿದ್ರೆ ಬದುಕ್ಕೋತಿದ್ದೆ ಎಂದು ಅಕ್ಕ ಅನ್ನುತ್ತಿದ್ದರು. ಎಲ್ಲಾ ಹೋಯ್ತು ಬಿಡು ಅಂದನಂತೆ, ಅಷ್ಟೇ. ಮಾರನೇ ದಿನ ಕಂಪನಿಗೂ ಹೋಗಲಿಲ್ಲ, ಆಮೇಲೆ ಕಂಪ್ಯೂಟರನ್ನೂ ಮುಟ್ಟಲಿಲ್ಲ. ಕೊನೆಗೆ ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಸೇರಿ ಅಲ್ಲೇ ಸರ್ವೀಸು ಮುಗಿಸಿದ.

ಅಕ್ಕ ಆ ಪಾಪವನ್ನು ಹೊತ್ತುಕೊಂಡೇ ಓಡಾಡಿದರು. ಬಂದ ಸಂಬಂಧಗಳನ್ನೆಲ್ಲ, ತಮ್ಮ ಒಂದು ದಡ ಸೇರಲಿ ಎಂದು ಮುಂದೆ ತಳ್ಳಿದರು. ಒಂದು ಸಲ ತಳ್ಳಿದ ಮೇಲೆ ಯಾರೂ ಮತ್ತೆ ಬರಲಿಲ್ಲ. ಮನೆ ಕಟ್ಟಿಸಿದ್ದು ಅಕ್ಕನ ದುಡಿಮೆಯಲ್ಲಿ. ಕೆಳಗಿನ ಮನೆ ತಮ್ಮನ ಸಂಸಾರಕ್ಕೆ, ಮೇಲೆ ಸಿಮೆಂಟ್ ಶೀಟಿನ ಒಂದು ರೂಮು ಇವರಿಗೆ. ಬೇಸಿಗೆಯಲ್ಲಿ ಆ ಶೀಟಿನಡಿ ಕೂತರೆ ತಲೆ ಕಾದ ಹಂಚಾಗುತ್ತದೆ; ಒಂದು ದಿನವೂ ದೂರಿದವರಲ್ಲ. ಮಹದೇವಪುರದ ಕಡೆ ಯಾವುದೋ ಮದುವೆಗೆ ಇಬ್ಬರೂ ಒಂದೇ ಆಟೋದಲ್ಲಿ ಹೋಗಿದ್ದೆವು. ಅಲ್ಲಿನ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳನ್ನು ನೋಡಿ, "ಇದ್ರಲ್ಲಿ ಒಂದು ನನ್ ತಮ್ಮಂದಾಗ್ಬೇಕಿತ್ತು ರೀ. ನಾನು ಅದನ್ನ ಒಂದು ಹಾಡಿಗೆ ಮಾರ್ಕೊಂಡೆ" ಅಂದರು. ನಾನು ಏನೋ ತಮಾಷೆ ಮಾಡಿದೆ. ಅವರು ಮದುವೆ ಮನೆಯವರೆಗೂ ಮುಖ ತಿರುಗಿಸಿ ಹೊರಗೇ ನೋಡುತ್ತಾ ಕೂತರು.

ಈಗ ನನ್ನ ವಿಷಯ. ಒಂದರ ಮೇಲೆ ಇನ್ನೊಂದು ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ, ಗೋಡೆಯ ಸುಣ್ಣದಂತೆ ಕೆರೆದು ತೆಗೆಯಲು ಬರುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಅಕ್ಕ ಒಪ್ಪಲಿಲ್ಲ. ಚಂದ್ರನ ಮೇಲೆ ಇಳಿಯುತ್ತಾರಂತೆ, ಇದು ಆಗಲ್ವಾ ಅಂದರು. ತಮ್ಮನಿಗೆ ಅರವತ್ತು ತುಂಬುವ ದಿನ ಅದನ್ನು ಅವನ ಕೈಗಿಡಬೇಕು, ಆಮೇಲೆ ನಾನು ಹೋದರೂ ಚಿಂತೆಯಿಲ್ಲ ಅಂದರು. ನೋಡುತ್ತೇನೆ ಎಂದು ಕ್ಯಾಸೆಟ್ಟನ್ನು ಡ್ರಾಯರಿಗೆ ಹಾಕಿದೆ. ನೋಡಲಿಲ್ಲ. ಅವರು ಬರುವರು, ಕಾರಾಸೇವೆಯ ಪೊಟ್ಟಣ ಇಡುವರು, ಏನಾಯ್ತು ಅನ್ನುವರು. ನಾನು ಕಾರಾಸೇವೆ ತಿನ್ನುತ್ತಾ, ನಡೀತಿದೆ ಅಕ್ಕ ಅನ್ನುವೆ. ಹೀಗೆ ಒಂದು ವರ್ಷಕ್ಕೂ ಮೇಲಾಯಿತು. ಅರವತ್ತರ ದಿನ ಹತ್ತಿರ ಬಂದಾಗ ನನಗೇ ನಾಚಿಕೆಯಾಗಿ, ಹೋಗಲಿ, ಆ ಹಾಡುಗಳನ್ನಾದರೂ ತೆಗೆದುಕೊಟ್ಟು ಕೈತೊಳೆದುಕೊಳ್ಳೋಣ ಎಂದು ಕ್ಯಾಸೆಟ್ ಹೊರತೆಗೆದೆ.

ಬೂಷ್ಟು ಒರೆಸಿ, ರೀಲನ್ನು ಬೇರೆ ಡಬ್ಬಿಗೆ ಹಾಕಿ ಓಡಿಸಿದೆ. ಹಾಡುಗಳು ಬಂದವು. ನನ್ನದೊಂದು ಅಭ್ಯಾಸ: ಎರಡೂ ಮಗ್ಗುಲನ್ನು ಕೊನೆಯವರೆಗೆ ಓಡಿಸದೆ ಕ್ಯಾಸೆಟ್ ವಾಪಸು ಕೊಡುವುದಿಲ್ಲ. ಖಾಲಿ ಎಂದು ಗಿರಾಕಿ ಆಣೆ ಮಾಡಿದರೂ ಓಡಿಸುತ್ತೇನೆ, ಯಾಕೆಂದರೆ ಖಾಲಿ ಅಂದ ಕಡೆಯೇ ಯಾರದೋ ಅಜ್ಜಿ ಕೆಮ್ಮುತ್ತಿರುತ್ತಾಳೆ. ಮಗುಚಿ ಹಾಕಿದೆ. ತುಂಬಾ ಹೊತ್ತು ಬರೀ ಸೊಯ್ ಎಂಬ ಸದ್ದು. ಆಮೇಲೆ ಒಬ್ಬ ಹುಡುಗನ ಗಂಟಲು. ಏನೋ ಎರಡು ಮಾತು ಹೇಳಿ ನಿಲ್ಲಿಸಿತು, ಹಿಂದೆಯೇ ಉದ್ದಕ್ಕೆ ಊದಿದಂಥ ಒಂದು ಸ್ವರ, ಅದರ ಹಿಂದೆ ಆ ಕರ್ಕಶ. ಹಳೆಯ ಡಬ್ಬಿಯಲ್ಲಿ ಆ ಮಗ್ಗುಲಿನ ಹಲ್ಲೂ ಮುರಿದಿತ್ತು, ಅದಕ್ಕೆ ಯಾರೂ ಟಿಕೆಟ್ಟು ತುರುಕಿರಲಿಲ್ಲ. ಇದನ್ನು ಮೊದಲ ದಿನವೇ ನೋಡಬಹುದಿತ್ತು.

ಇಂಥ ಹಳೆಯ ಸದ್ದುಗಳ ಹುಚ್ಚು ಹಿಡಿದ ಜನ ಇಂಟರ್ನೆಟ್ಟಿನಲ್ಲಿ ಇದ್ದಾರೆ. ಸದ್ದನ್ನು ಮತ್ತೆ ಅಕ್ಷರ ಮಾಡುವ ಸಲಕರಣೆ ಅವರದು, ಕೂತು ಓಡಿಸುವ ತಾಳ್ಮೆ ನನ್ನದು. ಟೇಪು ಒಂದೊಂದು ಕಡೆ ಎಳೆದುಕೊಂಡು ಸ್ವರ ತೂಗಾಡುತ್ತಿತ್ತು. ಟೇಪು ಓದುವ ಹೆಡ್ಡಿನ ತಿರುಪನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತಾ, ಕೆಟ್ಟ ತುಣುಕುಗಳನ್ನು ಮತ್ತೆ ಮತ್ತೆ ಓಡಿಸಿ ಜೋಡಿಸಿದೆ. ಕೊನೆಗೆ ಆ ಹಳೆಯ ಕಂಪ್ಯೂಟರಿನಂತೆಯೇ ನಡೆದುಕೊಳ್ಳುವ ಒಂದು ಪ್ರೋಗ್ರಾಂ ಲ್ಯಾಪ್‌ಟಾಪಿಗೆ ಹಾಕಿ ಓಡಿಸಿದಾಗ ಪರದೆಯ ಮೇಲೆ ಹುಲಿ-ಕುರಿ ಮನೆಯ ಗೆರೆಗಳು ಒಂದೊಂದಾಗಿ ಮೂಡಿದವು. ನಾನು ಒಬ್ಬನೇ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದೆ.

ಅಕ್ಕನಿಗೆ ಫೋನ್ ಮಾಡಿದೆ, ಸಿಕ್ಕಿಬಿಟ್ಟಿತು ಅಂದೆ. ಆಟೋದಲ್ಲಿ ಓಡಿ ಬಂದರು. ಮೊದಲು ನಿಮ್ಮ ತಮ್ಮನ ಧ್ವನಿ ಕೇಳಿ ಎಂದು, ದೊಡ್ಡ ಉಡುಗೊರೆ ಕೊಡುವವನ ಹಾಗೆ, ಹೆಡ್‌ಫೋನ್ ಅವರ ತಲೆಗಿಟ್ಟೆ. ಆಪರೇಟರರ ಅಭ್ಯಾಸ, ಒಂದು ಕೈಯಿಂದ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಮೊದಲ ಸಲ ಮುಖ ಅರಳಿತು. ಮತ್ತೊಂದು ಸಲ ಹಾಕಿ ಅಂದರು. ಹಾಕಿದೆ. ಮೂರನೇ ಸಲ ಕೇಳಿದ ಮೇಲೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಏನಂತಾನೆ, ಕೇಳಿದ್ರಾ?" ಅಂದರು.

ಕೇಳಿದ್ದೆ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ಗಮನವೆಲ್ಲ ಹಿಂದಿನ ಕರ್ಕಶದ ಮೇಲಿತ್ತು. ಆ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಾಗಲಿ ಅಂತ ಪ್ರೋಗ್ರಾಮಿಗೆ ಮುಂಚೆ ಅದರ ಹೆಸರನ್ನು ಬಾಯಲ್ಲಿ ಹೇಳಿ ತುಂಬುತ್ತಿದ್ದರು. ಹುಡುಗ ಹೇಳಿದ್ದು ಇಷ್ಟೇ: ಹುಲಿ ಕುರಿ, ಎರಡನೇ ಕಾಪಿ.

ಟೇಪಿನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ, ಎರಡೆರಡು ಕಡೆ ಉಳಿಸುವುದು ವಾಡಿಕೆ ಎಂದು ನಾನು ಉತ್ಸಾಹದಿಂದ ಶುರುಮಾಡಿದೆ. ಅರ್ಧಕ್ಕೇ ಅವರ ಪ್ರಶ್ನೆ ಏನೆಂದು ಹೊಳೆಯಿತು. ಅಕ್ಕ ಪರದೆ ನೋಡುತ್ತಿದ್ದರು. ಬೆರಳು ಚಾಚಿ, ಇಲ್ಲಿ ಕುರಿ ಇಡಿ, ಅಲ್ಲಿ ಇಡಿ ಅಂದರು. ಹುಲಿ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಒಂದು ಕುರಿ ಹೊಡೆಯಿತು. ಎರಡು ಕುರಿ ಒಟ್ಟಿಗೆ ಎದುರಾದಾಗ ಯಾವುದನ್ನು ಹೊಡೆಯಬೇಕೆಂದು ತಿಳಿಯದೆ ನಿಂತುಬಿಟ್ಟಿತು. ಮೊದಲಿಂದ ಆಡಿದರೂ ಅಲ್ಲೇ ನಿಂತಿತು. ನನ್ನ ಜೋಡಣೆಯದೇ ತಪ್ಪಿರಬೇಕು ಎಂದು ಸಾಲುಗಳನ್ನು ತೆಗೆದು ನೋಡಿದೆ. ಆ ಭಾಗವನ್ನು ಹುಡುಗ ಬರೆದೇ ಇರಲಿಲ್ಲ.

"ಪೂರ್ತಿ ಆಗಿರ್ಲಿಲ್ಲ ಅನ್ಸತ್ತೆ. ತೋರ್ಸೋಕೆ ಹೆದರ್ಕೊಂಡಿದಾನೆ" ಅಂದರು ಅಕ್ಕ. ಹೆಡ್‌ಫೋನ್ ಎತ್ತಿ ಮೇಜಿನ ಮೇಲಿಟ್ಟು, "ಇನ್ನೊಂದಿದೆ ಅಂತ ಗೊತ್ತಿತ್ತು ಅವ್ನಿಗೆ" ಅಂದರು.

ಮರೆತಿರಬಹುದು ಅಕ್ಕ, ಚಿಕ್ಕ ಹುಡುಗ ಅಂದೆ. ಅವರು ನನ್ನ ಮುಖ ನೋಡಿದರು. ಕೆಲಸ ಮುಗಿಸಿದ ಖುಷಿಯಲ್ಲಿ, ಆ ಎರಡು ಮಾತು ಏನೆಂದು ಯೋಚಿಸದೆ ಅವರ ಕಿವಿಗೆ ಹಾಕಿದವನು ನಾನು.

ತಮ್ಮನ ಅರವತ್ತಕ್ಕೆಂದು ಇಟ್ಟುಕೊಂಡಿದ್ದ ಭಾನುವಾರದ ಊಟ ಇನ್ನಿಲ್ಲ ಅಂದುಕೊಂಡೆ. ಏಳುವಾಗ ಅವರೇ ಹೇಳಿದರು: ಬರಬೇಕು, ಲ್ಯಾಪ್‌ಟಾಪ್ ತರಬೇಕು. "ಹಾಡಿನ ಕೆಳಗಿಂದಾನೇ ತೆಗ್ದೆ ಅನ್ನಿ. ಈ ಎರಡನೇ ಕಾಪಿ ಮಾತು ನಂಗೆ ಗೊತ್ತಿಲ್ಲ. ಮುಂದೆ ಯಾವತ್ತಾದ್ರೂ ಅವ್ನು ಕೇಳಿದ್ರೂ ಗೊತ್ತಿಲ್ಲ. ಮಾತು ಕೊಡಿ." ಕೊಟ್ಟೆ.

ಜೋಗುಪಾಳ್ಯದ ಆ ಮನೆಯ ನಡುಮನೆಯಲ್ಲಿ ಟಿವಿಗೆ ತಂತಿ ಸಿಕ್ಕಿಸಿ ಆಟ ಹಾಕಿದೆ. ತಮ್ಮ ಕುರ್ಚಿಯಲ್ಲಿದ್ದವರು ಎದ್ದು ನಿಂತರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಅಕ್ಕ ನನಗೆ ಬಾಯಿ ತೆರೆಯಲೂ ಬಿಡದೆ, ಇವರು ಎಷ್ಟು ಕಷ್ಟಪಟ್ಟರು, ಹಾಡಿನ ಅಡಿಯಿಂದ ಹೇಗೆ ಕೆದಕಿ ತೆಗೆದರು ಎಂದು ವರ್ಣಿಸತೊಡಗಿದರು. ತಮ್ಮ ನನ್ನ ಕಡೆ ತಿರುಗಿ, "ಹಾಡಿನ ಕೆಳಗಿಂದಾನಾ ಸಾರ್?" ಅಂದರು. ಹಾಗೆ ತೆಗೆಯಲಾಗದು ಎಂದು ಆ ಕೋಣೆಯಲ್ಲಿ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೌದು ಅಂದೆ. ಹುಲಿ ಎಂದಿನ ಜಾಗದಲ್ಲಿ ನಿಂತಿತು. ಅಕ್ಕ ನಕ್ಕು, ಅದಕ್ಕೂ ನಮ್ಮ ಹಾಗೆ ವಯಸ್ಸಾಯಿತು, ಮಂಡಿನೋವಿರಬೇಕು ಅಂದು ಟಿವಿ ಆರಿಸಿ ಎಲೆ ಹಾಕಿದರು. ಒಬ್ಬಟ್ಟು ಬೇಡ ಬೇಡ ಅಂದರೂ ತಮ್ಮನಿಗೆ ಇನ್ನೊಂದು ಬಡಿಸಿದರು.

ಅವತ್ತಿನಿಂದ ಅಕ್ಕ ಬದಲಾದರು. ಅಂಗಡಿಗೆ ಬಂದಾಗ ಕರೆಂಟು ಹೋದರೆ, ಬಿಲ್ ಕಟ್ಟಿಲ್ವೇನ್ರೀ ಎಂದು ನನ್ನನ್ನೇ ಕೇಳುತ್ತಿದ್ದರು. ತಮ್ಮನನ್ನು ಕರೆದು, ಶೀಟಿನ ಕೆಳಗೆ ಬೆಂದಿದ್ದು ಸಾಕು, ಮೇಲೆ ಮೋಲ್ಡ್ ಹಾಕಿಸು ಅಂದರಂತೆ. ಆತ ಮರುಮಾತಾಡದೆ ಹಾಕಿಸಿದರು. ಹೊಸ ಸೂರಿನ ಕೆಳಗೆ ಅಕ್ಕ ಕಳೆದದ್ದು ಒಂದೇ ಬೇಸಿಗೆ.

ತಿಥಿ ಕಳೆದ ಮೇಲೆ ತಮ್ಮ ನನ್ನ ಅಂಗಡಿಗೆ ಬಂದರು. ಅಕ್ಕ ಕೂರುತ್ತಿದ್ದ ಸ್ಟೂಲಿನಲ್ಲಿ ಕೂರದೆ ನಿಂತೇ ಇದ್ದರು.

"ಬಿ ಸೈಡಲ್ಲಿತ್ತು ಅಲ್ವಾ ಸಾರ್? ನಾನೇ ತುಂಬಿದ್ದು. ಅವತ್ತು ಅಕ್ಕ ತಲೆ ತಲೆ ಚಚ್ಕೊಂಡು ಅಳ್ತಿದ್ಲು. ಸದ್ಯ, ನಾಳೆ ಹೋಗೋ ಹಾಗಿಲ್ವಲ್ಲ ಅಂತ ನಂಗೆ ಜೀವ ಬಂದಂಗಾಯ್ತು. ಬೆಳಗ್ಗೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋಕೆ ಮುಖಾನೇ ಇರ್ಲಿಲ್ಲ." ಖಾಲಿ ಸ್ಟೂಲಿನ ಕಡೆ ನೋಡಿದರು. "ಒಂದೇ ಕೇಳ್ತೀನಿ. ಅಕ್ಕಂಗೆ ಗೊತ್ತಾಗಿತ್ತಾ?"

ಮಾತು ಕೊಟ್ಟಿದ್ದೆನಲ್ಲ. ಇಲ್ಲ, ಅವರಿಗೆ ಗೊತ್ತಾಗಲಿಲ್ಲ ಅಂದೆ. ಇದರಿಂದ ಈ ಮನುಷ್ಯನಿಗೆ ನೆಮ್ಮದಿಯಾಗುತ್ತದೆ ಎಂದು, ನನ್ನಾಣೆಗೂ ನಂಬಿದ್ದೆ.

"ಅಂದ್ರೆ ತಪ್ಪೆಲ್ಲ ತನ್ನದೇ ಅಂದ್ಕೊಂಡೇ ಹೋಗ್ಬಿಟ್ಲಾ" ಅಂದರು. ಅಷ್ಟು ಮೆಲ್ಲಗೆ ಅಂದರು. ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿದು ಹೋದರು. ಕೂಗಿ ಕರೆಯಬೇಕಿತ್ತು. ಆಮೇಲೆ ಎಷ್ಟೋ ಸಲ ಅವರ ನಂಬರ್ ಒತ್ತಿದ್ದೇನೆ, ರಿಂಗ್ ಆಗುವ ಮೊದಲೇ ಕತ್ತರಿಸಿದ್ದೇನೆ. ಸತ್ತವರಿಗೆ ಕೊಟ್ಟ ಮಾತು ಎಂಬ ನೆವ ನನಗಿತ್ತು. ಆದರೆ ಅಕ್ಕ ಆ ಮಾತು ತೆಗೆದುಕೊಂಡದ್ದು ತಮ್ಮ ನೋಯಬಾರದೆಂದು. ಅದೇ ಮಾತಿನಿಂದ ನಾನು ಅವರನ್ನು ಇದ್ದಬದ್ದ ನೋವಿಗೆಲ್ಲ ದೂಡಿ ಕೂತಿದ್ದೇನೆ. ಆ ಮೆಟ್ಟಿಲಿನ ಸದ್ದು ರಾತ್ರಿ ಹಗಲು ನನ್ನ ಕಿವಿಯಲ್ಲಿದೆ.

ಅದಕ್ಕೇ ಇದನ್ನು ಬರೆದೆ. ಅಕ್ಕ, ಮಾತು ತಪ್ಪುತ್ತಿದ್ದೇನೆ. ಸ್ವಾಮಿ, ನೀವು ಇದನ್ನು ಓದುತ್ತಿದ್ದರೆ ಕೇಳಿ: ನಿಮ್ಮ ಅಕ್ಕನಿಗೆ ಗೊತ್ತಿತ್ತು. ಆ ಭಾನುವಾರ ನಿಮ್ಮ ಎಲೆಯ ಮುಂದೆ ಬಗ್ಗಿ ಬಡಿಸುವಾಗ ಅವರಿಗೆ ಎಲ್ಲವೂ ಗೊತ್ತಿತ್ತು.